ರಂಗಮಂದಿರದಿಂದ ಕೆಥೆಡ್ರಲ್‌ಗೆ: ಕ್ರಿಸ್ಟೋಫರ್ ರೆನ್‌ನ ಜೀವನ ಮತ್ತು ವಾಸ್ತುಕಾರ್ಯ

ಯುರೋಪಿನ ನಗರಗಳ ಗುರುತಾಗಿ ನಿಂತಿರುವ ಕಟ್ಟಡಗಳಲ್ಲಿ ಎರಡು ಬಗೆಗಳು ಮುಖ್ಯವಾಗಿವೆ. ಗ್ರೀಕ್ ಮತ್ತು ರೋಮನ್ ನಾಗರಿಕತೆಗಳು ಉಳಿಸಿಹೋದ ಬಯಲು ರಂಗಮಂದಿರ ಒಂದು. ಬಿಷಪ್ಪನ ಪೀಠವಿರುವ ಪ್ರಧಾನ ಚರ್ಚಾದ ಕೆಥೆಡ್ರಲ್ ಇನ್ನೊಂದು. ಮೊದಲನೆಯದಕ್ಕೆ ಆಕಾಶವೇ ಮಾಡು. ಎರಡನೆಯದರ ವೈಭವವೆಲ್ಲ ಅದರ ಮಾಡಿನಲ್ಲಿ, ಶಿಖರದಲ್ಲಿ, ಗುಮ್ಮಟದಲ್ಲಿ ಇದೆ. ಸಾವಿರಾರು ಜನ ಒಂದೆಡೆ ಸೇರಿ ನೋಡುವ, ಕೇಳುವ ಸ್ಥಳಗಳೆಂಬ ಸಾಮ್ಯ ಇವೆರಡಕ್ಕೂ ಇದ್ದರೂ ಕಟ್ಟುವ ಕಲೆಯ ದೃಷ್ಟಿಯಿಂದ ಇವು ಎರಡು ಬೇರೆ ಪರಂಪರೆಗಳು. ಈ ಎರಡೂ ಪರಂಪರೆಗಳನ್ನು ಒಂದೇ ಜೀವಿತಾವಧಿಯಲ್ಲಿ ಎದುರುಗೊಂಡವನು ಇಂಗ್ಲೆಂಡಿನ ಕ್ರಿಸ್ಟೋಫರ್ ರೆನ್ (1632–1723). ಆಕ್ಸ್‌ಫರ್ಡಿನ ಶೆಲ್ಡೋನಿಯನ್ ರಂಗಮಂದಿರದಲ್ಲಿ ಅವನು ರೋಮಿನ ಬಯಲು ರಂಗಮಂದಿರದ ಆಕಾರಕ್ಕೆ ಮಾಡು ಹೊದಿಸಿದನು. ಲಂಡನ್ನಿನ ಸಂತ ಪಾಲರ ಕೆಥೆಡ್ರಲ್‌ಗೆ ಗುಮ್ಮಟವನ್ನು ಏರಿಸಿದನು.

ರೆನ್‌ನ ಜೀವನವನ್ನು ಬರೆದವರು ಸಾಮಾನ್ಯವಾಗಿ ಕೆಥೆಡ್ರಲ್ ಒಂದನ್ನೇ ಕೇಂದ್ರದಲ್ಲಿಟ್ಟು, ರಂಗಮಂದಿರವನ್ನು ಹರೆಯದ ಅಭ್ಯಾಸವೆಂಬಂತೆ ದಾಟಿಹೋಗಿದ್ದಾರೆ. ಆದರೆ ಕೆಥೆಡ್ರಲ್‌ನ ನಿರ್ಮಾಣದಲ್ಲಿ ಅವನು ಅನುಸರಿಸಿದ ಮುಖ್ಯ ಉಪಾಯ ರಂಗಮಂದಿರದ ಮಾಡಿನಲ್ಲಿಯೇ ರೂಪುಗೊಂಡಿತ್ತು. ಕಣ್ಣಿಗೆ ಕಾಣುವ ಭಾಗ ಬೇರೆ, ಭಾರ ಹೊರುವ ಭಾಗ ಬೇರೆ ಎಂದು ಕೆಲಸವನ್ನು ಹಂಚುವುದೇ ಆ ಉಪಾಯ. ಅದು ಅವನ ಕಟ್ಟಡಗಳನ್ನು ಮಾತ್ರವಲ್ಲದೆ ಅರಸನೊಡನೆ, ಧರ್ಮಾಧಿಕಾರಿಗಳೊಡನೆ ಅವನು ನಡೆಸಿದ ವ್ಯವಹಾರವನ್ನೂ ರೂಪಿಸಿತು. ಅದಕ್ಕೆ ಅವನು ತೆತ್ತ ಬೆಲೆಯೂ ಕಡಿಮೆಯದಲ್ಲ. ಈ ನೆಲೆಯಲ್ಲಿ ಅವನ ಜೀವನವನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮನೆತನ ಮತ್ತು ವಿದ್ಯಾಭ್ಯಾಸ

ರೆನ್ ಹುಟ್ಟಿದ್ದು 1632ರ ಅಕ್ಟೋಬರ್ 20ರಂದು, ವಿಲ್ಟ್‌ಶೈರಿನ ಈಸ್ಟ್ ನಾಯ್ಲ್ ಎಂಬ ಹಳ್ಳಿಯಲ್ಲಿ. ಅದೇ ಹೆಸರಿನ ತಂದೆ ಆ ಊರಿನ ಪಾದ್ರಿಯಾಗಿದ್ದು, 1635ರಲ್ಲಿ ವಿಂಡ್ಸರಿನ ಡೀನ್ ಪದವಿಗೆ ಏರಿದನು. ದೊಡ್ಡಪ್ಪ ಮ್ಯಾಥ್ಯೂ ರೆನ್ ಈಲಿ ನಗರದ ಬಿಷಪ್ಪನಾಗಿದ್ದನು. ಮನೆತನವು ಅರಸೊತ್ತಿಗೆಗೂ ಆಂಗ್ಲಿಕನ್ ಧರ್ಮಪೀಠಕ್ಕೂ ನಿಷ್ಠವಾಗಿದ್ದುದರಿಂದ 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಆರಂಭವಾದಾಗ ಅದು ತೀವ್ರ ಸಂಕಟಕ್ಕೆ ಒಳಗಾಯಿತು. ಪಾರ್ಲಿಮೆಂಟಿನ ಪಡೆ ವಿಂಡ್ಸರಿನ ಮನೆಯನ್ನು ಸೂರೆ ಮಾಡಿತು. ದೊಡ್ಡಪ್ಪನು ಲಂಡನ್ನಿನ ಕೋಟೆಯಲ್ಲಿ ಸುಮಾರು 18 ವರ್ಷ ಸೆರೆಯಲ್ಲಿದ್ದನು. ಹತ್ತನೆಯ ವಯಸ್ಸಿನಲ್ಲಿ ಇದನ್ನೆಲ್ಲ ಕಂಡ ಹುಡುಗನು ಮುಂದೆ ಯಾವ ವಾದದಲ್ಲಿಯೂ ಬಹಿರಂಗವಾಗಿ ಪಕ್ಷ ವಹಿಸದ ಮಿತಭಾಷಿಯಾಗಿ ಬೆಳೆದನು. ಅವನ ಸ್ವಭಾವದ ಈ ಅಂಶ ಮುಂದಿನ ಘಟನೆಗಳನ್ನು ಅರ್ಥಮಾಡಿಕೊಳ್ಳಲು ಅವಶ್ಯಕವಾಗಿದೆ.

ಕುಟುಂಬವು ಆಶ್ರಯ ಪಡೆದದ್ದು ಅಕ್ಕನ ಗಂಡ ವಿಲಿಯಂ ಹೋಲ್ಡರನ ಮನೆಯಲ್ಲಿ. ಗಣಿತಜ್ಞನಾದ ಈ ಭಾವನೇ ರೆನ್‌ಗೆ ರೇಖಾಗಣಿತದ ಮೊದಲ ಪಾಠಗಳನ್ನು ಹೇಳಿಕೊಟ್ಟನು. ಆಕ್ಸ್‌ಫರ್ಡಿನ ವಾಡಮ್ ಕಾಲೇಜಿನಲ್ಲಿ ಓದಿ 1651ರಲ್ಲಿ ಬಿ.ಎ., 1653ರಲ್ಲಿ ಎಂ.ಎ. ಪದವಿಗಳನ್ನು ಪಡೆದ ರೆನ್, ಅದೇ ವರ್ಷ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆದನು. ಜಾನ್ ವಿಲ್ಕಿನ್ಸನ ಸುತ್ತ ಸೇರುತ್ತಿದ್ದ ಪ್ರಯೋಗಶೀಲ ವಿದ್ವಾಂಸರ ಬಳಗ ಅವನ ನಿಜವಾದ ವಿದ್ಯಾಶಾಲೆಯಾಯಿತು. ಆ ಬಳಗದಲ್ಲಿ ವಿದ್ಯೆಗಳ ನಡುವೆ ಗೋಡೆಗಳಿರಲಿಲ್ಲ. ನಾಯಿಯ ರಕ್ತನಾಳಕ್ಕೆ ದ್ರವವನ್ನು ಸೇರಿಸುವ ಪ್ರಯೋಗವನ್ನು ರೆನ್ 1656ರಲ್ಲಿ ಮಾಡಿದನು. 1658ರಲ್ಲಿ ಚಕ್ರಜ ಎಂಬ ವಕ್ರರೇಖೆಯ ಉದ್ದವನ್ನು ಗಣಿಸಿ ತೋರಿಸಿದನು. ಮಿದುಳಿನ ರಚನೆಯನ್ನು ಕುರಿತು ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟನು. 1657ರಲ್ಲಿ ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿಯೂ 1661ರಲ್ಲಿ ಆಕ್ಸ್‌ಫರ್ಡಿನಲ್ಲಿಯೂ ಖಗೋಳಶಾಸ್ತ್ರದ ಪ್ರಾಧ್ಯಾಪಕನಾದನು. 1660ರ ನವೆಂಬರ್ 28ರಂದು ಗ್ರೆಶಮ್ ಕಾಲೇಜಿನಲ್ಲಿ ಅವನು ನೀಡಿದ ಉಪನ್ಯಾಸದ ಬಳಿಕ ಸೇರಿದ ಸಭೆಯೇ ರಾಯಲ್ ಸೊಸೈಟಿಯ ಹುಟ್ಟಿಗೆ ಕಾರಣವಾಯಿತು. ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ಆ ಕಾಲದ ಶ್ರೇಷ್ಠ ರೇಖಾಗಣಿತಜ್ಞರನ್ನು ಹೆಸರಿಸುವಾಗ ವಾಲಿಸ್ ಮತ್ತು ಹೈಗೆನ್ಸರ ಜೊತೆಗೆ ರೆನ್‌ನನ್ನೂ ಸೇರಿಸಿದ್ದಾನೆ. ಮೂವತ್ತನೆಯ ವಯಸ್ಸಿನವರೆಗೆ ಅವನು ಕಟ್ಟಡ ಕಟ್ಟುವವನಾಗಿರಲಿಲ್ಲ, ಆಕಾಶ ನೋಡುವವನಾಗಿದ್ದನು ಎಂಬುದು ಗಮನಾರ್ಹ.

2. ಬಯಲು ರಂಗಮಂದಿರಕ್ಕೆ ಮಾಡು

ಆ ಕಾಲದ ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪವು ಪ್ರತ್ಯೇಕ ವೃತ್ತಿಯಾಗಿ ಬೇರೂರಿರಲಿಲ್ಲ. ಮೇಸ್ತ್ರಿಗಳು, ಬಡಗಿಗಳು ಕಟ್ಟುತ್ತಿದ್ದರು. ಗಣಿತ ಬಲ್ಲ ವಿದ್ವಾಂಸರು ಯೋಜನೆ ಹಾಕಿಕೊಡುತ್ತಿದ್ದರು. ಅರಸೊತ್ತಿಗೆ 1660ರಲ್ಲಿ ಮರಳಿದ ಮೇಲೆ ಸೆರೆಯಿಂದ ಬಿಡುಗಡೆಯಾದ ದೊಡ್ಡಪ್ಪನು ಕೇಂಬ್ರಿಜಿನ ಪೆಂಬ್ರೋಕ್ ಕಾಲೇಜಿಗೆ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಲು ಬಯಸಿ ಅದರ ಯೋಜನೆಯನ್ನು ರೆನ್‌ಗೆ ವಹಿಸಿದನು. 1663ರಿಂದ 1665ರ ನಡುವೆ ನಿರ್ಮಾಣವಾದ ಈ ಮಂದಿರ ಅವನ ಮೊದಲ ಕಟ್ಟಡ. ಇದೇ ವೇಳೆಗೆ ಆಕ್ಸ್‌ಫರ್ಡಿನಿಂದ ಬಂದ ಇನ್ನೊಂದು ಕೆಲಸ ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಮುಂದಿಟ್ಟಿತು.

ಆಕ್ಸ್‌ಫರ್ಡಿನ ಪದವಿ ಪ್ರದಾನ ಸಮಾರಂಭಗಳು ಅಲ್ಲಿಯವರೆಗೆ ಸಂತ ಮೇರಿಯ ಚರ್ಚಿನಲ್ಲಿ ನಡೆಯುತ್ತಿದ್ದವು. ಸಮಾರಂಭದ ಅಂಗವಾಗಿದ್ದ ಹಾಸ್ಯ, ವಿಡಂಬನೆಗಳು ದೇವಾಲಯಕ್ಕೆ ತಕ್ಕುದಲ್ಲವೆಂಬ ಆಕ್ಷೇಪ ಬೆಳೆದಿತ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಗಿಲ್ಬರ್ಟ್ ಶೆಲ್ಡನ್ ಇದಕ್ಕಾಗಿ ಪ್ರತ್ಯೇಕ ಭವನವೊಂದನ್ನು ತನ್ನ ಹಣದಿಂದ ಕಟ್ಟಿಸಲು ಮುಂದಾದನು. ಅದಕ್ಕೆ ತಗುಲಿದ ವೆಚ್ಚ 14,000 ಪೌಂಡುಗಳನ್ನೂ ಮೀರಿತು. ರೆನ್ ಆರಿಸಿಕೊಂಡ ಮಾದರಿ ರೋಮಿನ ಮಾರ್ಸೆಲಸ್ ರಂಗಮಂದಿರ. ಜೂಲಿಯಸ್ ಸೀಸರನ ಕಾಲದಲ್ಲಿ ಆರಂಭವಾಗಿ ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಮುಗಿದು, ಅವನ ಸೋದರಳಿಯನ ಹೆಸರನ್ನು ಪಡೆದ ಅರ್ಧವೃತ್ತಾಕಾರದ ಕಟ್ಟಡ ಅದು. ರೆನ್ ತನ್ನ ಜೀವನದಲ್ಲಿ ಎಂದೂ ಇಟಲಿಗೆ ಹೋಗಲಿಲ್ಲ. ಇಟಲಿಯ ಸೆರ್ಲಿಯೋ ಪ್ರಕಟಿಸಿದ್ದ ವಾಸ್ತುಗ್ರಂಥದ ಚಿತ್ರಗಳೇ ಅವನಿಗೆ ಆಧಾರ. ಪ್ರಾಚೀನ ರಂಗಮಂದಿರವನ್ನು ಅವನು ಕಣ್ಣಿನಿಂದ ಕಂಡವನಲ್ಲ, ಪುಟದಿಂದ ಓದಿದವನು.

ರೋಮಿನ ಪ್ರೇಕ್ಷಕರು ಬಯಲಿನಲ್ಲಿ ಕುಳಿತು, ಬಿಸಿಲು ಹೆಚ್ಚಿದಾಗ ಹಗ್ಗಗಳ ಮೇಲೆ ಎಳೆದ ಬಟ್ಟೆಯ ಚಪ್ಪರದ ಕೆಳಗೆ ನೆರಳು ಪಡೆಯುತ್ತಿದ್ದರು. ಇಂಗ್ಲೆಂಡಿನ ಮಳೆಗೆ ಈ ಏರ್ಪಾಡು ಸಾಲದು. ಭವನದ ಅಗಲವೋ ಸುಮಾರು 70 ಅಡಿ. ಅಷ್ಟು ಉದ್ದಕ್ಕೆ ಒಂದೇ ತೊಲೆ ದೊರಕುವಂತಿರಲಿಲ್ಲ; ನಡುವೆ ಕಂಬಗಳನ್ನು ನಿಲ್ಲಿಸಿದರೆ ರಂಗಮಂದಿರದ ಲಕ್ಷಣವೇ ಕೆಡುತ್ತಿತ್ತು. ಗಿಡ್ಡ ಮರಗಳನ್ನು ಪರಸ್ಪರ ಆತುಕೊಳ್ಳುವಂತೆ ಹೆಣೆದು ವಿಶಾಲ ಅಂಗಣವನ್ನು ಮುಚ್ಚುವ ಸಮಸ್ಯೆಯನ್ನು ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್ ಅದಾಗಲೇ ಚರ್ಚಿಸಿದ್ದನು. ಅದೇ ವಿದ್ವದ್ವಲಯದ ರೆನ್, ಚಿಕ್ಕ ಚಿಕ್ಕ ಮರದ ತುಂಡುಗಳನ್ನು ಕಚ್ಚುಹಾಕಿ ಬೆಸೆದು, ಕಬ್ಬಿಣದ ಮೊಳೆ ಪಟ್ಟಿಗಳಿಂದ ಬಿಗಿದು, ತ್ರಿಕೋನಾಕೃತಿಯ ಬೃಹತ್ ಚೌಕಟ್ಟುಗಳನ್ನು ರಚಿಸಿದನು. ಇವು ಗೋಡೆಯಿಂದ ಗೋಡೆಗೆ ನಡುವೆ ಯಾವ ಆಸರೆಯೂ ಇಲ್ಲದೆ ನಿಂತವು. ಕೆಳಗಿನಿಂದ ನೋಡುವವರಿಗೆ ಈ ಚೌಕಟ್ಟುಗಳು ಕಾಣುವುದಿಲ್ಲ. ಅವರಿಗೆ ಕಾಣುವುದು ರಾಬರ್ಟ್ ಸ್ಟ್ರೀಟರ್ ಚಿತ್ರಿಸಿದ ಚಪ್ಪಟೆಯ ಒಳಮಾಡು. ಅದರಲ್ಲಿ ಹೊಂಬಣ್ಣದ ಹಗ್ಗಗಳು ಅಡ್ಡಲಾಗಿ ಹಬ್ಬಿವೆ. ರೋಮನ್ ಚಪ್ಪರದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಂತಿದೆ. ತೆರೆದ ಆಕಾಶದಿಂದ ಸತ್ಯದೇವತೆ ಕಲೆ ಮತ್ತು ಶಾಸ್ತ್ರಗಳ ಮೇಲೆ ಇಳಿದುಬರುತ್ತಿದ್ದಾಳೆ. ಹೀಗೆ ಮಾಡಿರುವ ಕಟ್ಟಡದೊಳಗೆ ಮಾಡಿಲ್ಲದ ರಂಗಮಂದಿರದ ಭಾವನೆ ಉಂಟಾಗುತ್ತದೆ. ಚಿತ್ರದ ಮೇಲಿನ ಅಟ್ಟವನ್ನು ವಿಶ್ವವಿದ್ಯಾಲಯದ ಮುದ್ರಣಾಲಯವು ಪುಸ್ತಕಗಳ ಉಗ್ರಾಣವನ್ನಾಗಿ ಬಳಸಿಕೊಂಡಿತು. ಕಾಣದ ಚೌಕಟ್ಟು ಮಾಡನ್ನಲ್ಲದೆ ಪುಸ್ತಕಗಳ ರಾಶಿಯನ್ನೂ ದೀರ್ಘಕಾಲ ಹೊತ್ತಿತು. ರೆನ್‌ನ ಮೂಲ ಚೌಕಟ್ಟುಗಳನ್ನು ಬದಲಾಯಿಸಿದ್ದು 19ನೆಯ ಶತಮಾನದ ಆರಂಭದಲ್ಲಿ.

1664ರಲ್ಲಿ ಆರಂಭವಾದ ಭವನವು 1669ರಲ್ಲಿ ತೆರೆಯಿತು. ಹೊರಮೈಯಲ್ಲಿ ಅನುಭವದ ಕೊರತೆ ಕಾಣುತ್ತದೆಂದು ವಿಮರ್ಶಕರು ಹೇಳಿದ್ದುಂಟು. ಆದರೆ ಒಳಗಿನ ಸಾಧನೆಯ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ.

3. ಹಳೆಯ ಕೆಥೆಡ್ರಲ್ ಮತ್ತು ಲಂಡನ್ನಿನ ಬೆಂಕಿ

ರಂಗಮಂದಿರದ ಕೆಲಸ ನಡೆಯುತ್ತಿದ್ದಾಗಲೇ, 1665ರಲ್ಲಿ, ರೆನ್ ಪ್ಯಾರಿಸಿಗೆ ಹೋಗಿ ಹಲವು ತಿಂಗಳು ತಂಗಿದನು. ಅವನ ಏಕೈಕ ವಿದೇಶ ಪ್ರವಾಸವೆಂದು ಖಚಿತವಾಗಿ ಹೇಳಬಹುದಾದುದು ಇದೊಂದೇ. ಲೂವ್ರ್ ಅರಮನೆಯ ಹೊಸ ಯೋಜನೆಗಾಗಿ ಅಲ್ಲಿಗೆ ಬಂದಿದ್ದ ಇಟಲಿಯ ಬರ್ನಿನಿಯನ್ನು ಕಂಡನು. ಆ ಹಿರಿಯ ಶಿಲ್ಪಿ ತನ್ನ ನಕ್ಷೆಗಳನ್ನು ಕೆಲವೇ ನಿಮಿಷ ತೋರಿಸಿದನೆಂದು ರೆನ್ ಬೇಸರದಿಂದ ಬರೆದುಕೊಂಡಿದ್ದಾನೆ. ಇದಕ್ಕಿಂತ ಮುಖ್ಯವಾದುದು ಪ್ಯಾರಿಸಿನ ಗುಮ್ಮಟದ ಚರ್ಚುಗಳ ದರ್ಶನ. ಅಂಥ ಗುಮ್ಮಟ ಇಂಗ್ಲೆಂಡಿನಲ್ಲಿ ಆಗ ಒಂದೂ ಇರಲಿಲ್ಲ.

ಲಂಡನ್ನಿನ ಸಂತ ಪಾಲರ ಹಳೆಯ ಕೆಥೆಡ್ರಲ್ ಮಧ್ಯಯುಗದ ಬೃಹತ್ ಕಟ್ಟಡ. 1561ರಲ್ಲಿ ಸಿಡಿಲು ಬಡಿದು ಅದರ ಶಿಖರ ಸುಟ್ಟುಹೋಯಿತು. ಮತ್ತೆ ಅದನ್ನು ಕಟ್ಟಲಿಲ್ಲ. 1630ರ ದಶಕದಲ್ಲಿ ಇನಿಗೋ ಜೋನ್ಸ್ ಪಶ್ಚಿಮಕ್ಕೆ ರೋಮನ್ ಶೈಲಿಯ ಮುಖಮಂಟಪವನ್ನು ಸೇರಿಸಿದನು. ಅಂತರ್ಯುದ್ಧದ ಕಾಲದಲ್ಲಿ ಸೈನಿಕರು ಅದರೊಳಗೆ ಕುದುರೆಗಳನ್ನು ಕಟ್ಟಿದರು. 1666ರ ಮೇ ತಿಂಗಳಿನಲ್ಲಿ ರೆನ್ ಸಲ್ಲಿಸಿದ ವರದಿಯಲ್ಲಿ ನಡುವಿನ ಗೋಪುರವನ್ನು ತೆಗೆದು ಆ ಸ್ಥಳದಲ್ಲಿ ಗುಮ್ಮಟ ಕಟ್ಟಬೇಕೆಂಬ ಸಲಹೆಯಿತ್ತು. ಆಗಸ್ಟ್ 27ರಂದು ಅಧಿಕಾರಿಗಳೂ ಪರಿಣತರೂ ಸ್ಥಳ ಪರಿಶೀಲನೆ ನಡೆಸಿದರು. ಅದಾದ ಆರು ದಿನಕ್ಕೆ, ಸೆಪ್ಟೆಂಬರ್ 2ರಂದು, ಲಂಡನ್ನಿಗೆ ಬೆಂಕಿ ಬಿತ್ತು. ಸುಮಾರು 13,200 ಮನೆಗಳೂ 87 ಚರ್ಚುಗಳೂ ನಾಶವಾದವು. ಕೆಥೆಡ್ರಲ್‌ನ ಮಾಡಿಗೆ ಹೊದಿಸಿದ್ದ ಸೀಸ ಕರಗಿ ಬೀದಿಗಳಲ್ಲಿ ಹರಿಯಿತು.

ಬೆಂಕಿ ಆರಿದ ಕೆಲವೇ ದಿನಗಳಲ್ಲಿ ರೆನ್ ಹೊಸ ನಗರದ ನಕ್ಷೆಯೊಂದನ್ನು ಅರಸ ಎರಡನೆಯ ಚಾರ್ಲ್ಸನಿಗೆ ಸಲ್ಲಿಸಿದನು. ಅಗಲವಾದ ನೇರ ಬೀದಿಗಳ ಆ ಯೋಜನೆ ನಿವೇಶನಗಳ ಒಡೆತನದ ತೊಡಕಿನಿಂದ ಕಾರ್ಯರೂಪಕ್ಕೆ ಬರಲಿಲ್ಲ. 1669ರಲ್ಲಿ ಅವನು ಅರಸನ ಕಟ್ಟಡಗಳ ಮುಖ್ಯಾಧಿಕಾರಿಯಾಗಿ ನೇಮಕಗೊಂಡನು. ಸುಟ್ಟ ಚರ್ಚುಗಳಲ್ಲಿ ಐವತ್ತಕ್ಕೂ ಹೆಚ್ಚಿನವು ಅವನ ಮೇಲ್ವಿಚಾರಣೆಯಲ್ಲಿ ಮತ್ತೆ ಎದ್ದವು. ಈ ಕಾರ್ಯದಲ್ಲಿ ಗೆಳೆಯನೂ ವಿಜ್ಞಾನಿಯೂ ಆದ ರಾಬರ್ಟ್ ಹುಕ್‌ನ ಪಾಲು ದೊಡ್ಡದು. ಕೆಲವು ಚರ್ಚುಗಳನ್ನು ಇಬ್ಬರಲ್ಲಿ ಯಾರು ರೂಪಿಸಿದರೆಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಹಳೆಯ ಕೆಥೆಡ್ರಲ್‌ಗೆ ತೇಪೆ ಹಾಕುವ ಪ್ರಯತ್ನ ಮೊದಲು ನಡೆದು, 1668ರಲ್ಲಿ ಅದರ ಒಂದು ಭಾಗ ಕುಸಿದ ಬಳಿಕ ಪೂರ್ತಿ ಕೆಡವಲು ನಿರ್ಧಾರವಾಯಿತು. ಕೆಡವಿದ ಕ್ರಮವನ್ನು ರೆನ್ ಮನೆತನದ ವೃತ್ತಾಂತ ಗ್ರಂಥವು ವಿವರಿಸುತ್ತದೆ. ಮಗನು ಸಂಗ್ರಹಿಸಿ ಮೊಮ್ಮಗನು 1750ರಲ್ಲಿ ಪ್ರಕಟಿಸಿದ ಈ ಗ್ರಂಥ ಅಭಿಮಾನದಿಂದ ಕೂಡಿದ್ದು, ಎಚ್ಚರಿಕೆಯಿಂದ ಬಳಸತಕ್ಕದ್ದು. ಅದರ ಪ್ರಕಾರ ಗೋಪುರದ ಬುಡಕ್ಕೆ ಸಿಡಿಮದ್ದು ಇಟ್ಟ ಮೊದಲ ಪ್ರಯೋಗ ಯಶಸ್ವಿಯಾಯಿತು. ಎರಡನೆಯ ಸಲ ರೆನ್ ಇಲ್ಲದಾಗ ಸಹಾಯಕನು ಮಾಡಿದ ತಪ್ಪಿನಿಂದ ಕಲ್ಲೊಂದು ಹಾರಿ ಎದುರು ಮನೆಯೊಳಗೆ ಬಿತ್ತು. ಯಾರಿಗೂ ಪೆಟ್ಟಾಗದಿದ್ದರೂ ನೆರೆಯವರ ದೂರಿನಿಂದ ಸಿಡಿಮದ್ದನ್ನು ಕೈಬಿಟ್ಟು, ಕೋಟೆ ಒಡೆಯುವವರಂತೆ ಕಬ್ಬಿಣ ತೊಡಿಸಿದ ದಿಮ್ಮಿಯಿಂದ ಗುದ್ದಿ ಗೋಡೆಗಳನ್ನು ಉರುಳಿಸಿದರು.

4. ತಿರಸ್ಕೃತವಾದ ಮಾದರಿ

ಹೊಸ ಕೆಥೆಡ್ರಲ್‌ಗಾಗಿ ರೆನ್ ಸಿದ್ಧಪಡಿಸಿದ ಯೋಜನೆಗಳಲ್ಲಿ ಅವನಿಗೆ ಅತ್ಯಂತ ಪ್ರಿಯವಾದುದು ಮಹಾಮಾದರಿ ಎಂದು ಹೆಸರಾಗಿದೆ. 1673–74ರಲ್ಲಿ ಓಕ್ ಮರದಿಂದ ಬಡಗಿ ವಿಲಿಯಂ ಕ್ಲಿಯರನ ತಂಡ ನಿರ್ಮಿಸಿದ ಈ ಮಾದರಿ ಆರು ಮೀಟರಿಗೂ ಉದ್ದವಾಗಿದ್ದು, ಮನುಷ್ಯನು ಒಳಗೆ ನಿಂತು ನೋಡಬಹುದಾದಷ್ಟು ದೊಡ್ಡದಾಗಿದೆ. ಅದು ಇಂದಿಗೂ ಕೆಥೆಡ್ರಲ್‌ನಲ್ಲಿ ಸುರಕ್ಷಿತವಾಗಿದೆ. ನಾಲ್ಕು ತೋಳುಗಳು ಸಮನಾಗಿರುವ ಗ್ರೀಕ್ ಶಿಲುಬೆಯ ತಳವಿನ್ಯಾಸ, ನಡುವೆ ವಿಶಾಲವಾದ ಗುಮ್ಮಟ, ಅದರ ಕೆಳಗೆ ಎಲ್ಲರೂ ಒಂದೇ ಸಭೆಯಾಗಿ ಕೂಡುವ ವೃತ್ತಾಕಾರದ ಅಂಗಣ ಇದರ ಲಕ್ಷಣಗಳು. ಸಭೆಯನ್ನು ಒಂದೇ ಮಾಡಿನಡಿ ತರಬೇಕೆಂಬ ಆಕ್ಸ್‌ಫರ್ಡ್ ರಂಗಮಂದಿರದ ಕಲ್ಪನೆ ಇಲ್ಲಿ ಧಾರ್ಮಿಕ ರೂಪ ಪಡೆದಿರುವುದನ್ನು ಕಾಣಬಹುದು. ಅರಸನು ಮೆಚ್ಚಿದನು. 1673ರ ನವೆಂಬರಿನಲ್ಲಿ ರೆನ್‌ಗೆ ನೈಟ್ ಪದವಿಯೂ ದೊರೆಯಿತು.

ಆದರೆ ಧರ್ಮಾಧಿಕಾರಿಗಳು ಒಪ್ಪಲಿಲ್ಲ. ಅವರ ಆಕ್ಷೇಪಗಳು ಆಧಾರರಹಿತವಾಗಿರಲಿಲ್ಲ ಎಂಬುದನ್ನು ರೆನ್‌ನ ಜೀವನಕಾರರು ಅನೇಕ ವೇಳೆ ಮರೆತಿದ್ದಾರೆ. ಪಾದ್ರಿಗಳ ಮೆರವಣಿಗೆಗೆ ಉದ್ದನೆಯ ನಡುಮನೆ ಬೇಕಿತ್ತು. ದಿನನಿತ್ಯದ ಪ್ರಾರ್ಥನೆಗೆ ಪ್ರತ್ಯೇಕವಾದ ಗಾಯಕಮಂಟಪ ಬೇಕಿತ್ತು. ವರ್ಷ ವರ್ಷ ಬರುವ ಅಲ್ಪ ಹಣದಲ್ಲಿ ಭಾಗ ಭಾಗವಾಗಿ ಕಟ್ಟುತ್ತ ಹೋಗಲು ಗ್ರೀಕ್ ಶಿಲುಬೆಯ ಆಕಾರ ಒಗ್ಗುತ್ತಿರಲಿಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಗುಮ್ಮಟದ ಈ ಚರ್ಚು ರೋಮಿನ ಕೆಥೊಲಿಕ್ ಪೀಠವನ್ನು ನೆನಪಿಸುತ್ತಿತ್ತು. ಮಾದರಿ ತಿರಸ್ಕೃತವಾಯಿತು. ರೆನ್ ಕಣ್ಣೀರು ಹಾಕಿದನೆಂಬ ಐತಿಹ್ಯವಿದೆ. ಇನ್ನು ಮುಂದೆ ಮಾದರಿಗಳನ್ನು ಮಾಡಿಸಿ ಸಾರ್ವಜನಿಕರ ಮುಂದೆ ಇಡುವುದಿಲ್ಲವೆಂದು ಅವನು ನಿಶ್ಚಯಿಸಿದನೆಂದು ಮನೆತನದ ಗ್ರಂಥ ಹೇಳುತ್ತದೆ.

ಬಳಿಕ ಅವನು ಸಲ್ಲಿಸಿದ ಯೋಜನೆ ಎಲ್ಲರ ಬೇಡಿಕೆಗಳನ್ನೂ ಪೂರೈಸುವಂತಿತ್ತು. ಉದ್ದನೆಯ ಲ್ಯಾಟಿನ್ ಶಿಲುಬೆಯ ತಳವಿನ್ಯಾಸದ ಮೇಲೆ ತಗ್ಗಾದ ಗುಮ್ಮಟ, ಅದರ ಮೇಲೊಂದು ನೀಳವಾದ ಶಿಖರ. ಈ ವಿಚಿತ್ರ ಸಂಯೋಜನೆಗೆ 1675ರ ಮೇ 14ರಂದು ರಾಜಾಜ್ಞೆಯ ಒಪ್ಪಿಗೆ ಸಿಕ್ಕಿತು. ಕೆಲಸ ಮುಂದುವರಿದಂತೆ ಅಲಂಕಾರದಲ್ಲಿ ಸೂಕ್ತ ಬದಲಾವಣೆ ಮಾಡಿಕೊಳ್ಳುವ ಸ್ವಾತಂತ್ರ್ಯವನ್ನು ಅರಸನು ರೆನ್‌ಗೆ ಕೊಟ್ಟಿದ್ದನು. ಈ ಸಣ್ಣ ಅವಕಾಶವನ್ನು ರೆನ್ ಎಷ್ಟು ಹಿಗ್ಗಿಸಿದನೆಂದರೆ, ಮೂವತ್ತೈದು ವರ್ಷಗಳ ನಂತರ ಸಾರುವೆ ಇಳಿದಾಗ ನಿಂತಿದ್ದ ಕಟ್ಟಡಕ್ಕೂ ಒಪ್ಪಿಗೆ ಪಡೆದ ನಕ್ಷೆಗೂ ಸಂಬಂಧ ಬಹಳ ಕಡಿಮೆಯಿತ್ತು. ಶಿಖರ ಹೋಯಿತು, ಗುಮ್ಮಟ ಎದ್ದಿತು, ಗೋಡೆಗಳು ಎರಡು ಅಂತಸ್ತಾದವು. ರಂಗಮಂದಿರದಲ್ಲಿ ಚಿತ್ರಪಟದ ಮೇಲೆ ಮರದ ಚೌಕಟ್ಟು ಅಡಗಿದ್ದಂತೆ ಇಲ್ಲಿ ಒಪ್ಪಿಗೆಯ ನಕ್ಷೆಯ ಹಿಂದೆ ಬೇರೊಂದು ಕಟ್ಟಡ ಅಡಗಿತ್ತು. ಹುಡುಗನಾಗಿದ್ದಾಗ ಬಹಿರಂಗ ವಿರೋಧದ ಫಲವನ್ನು ಕಂಡಿದ್ದವನು ಈಗ ವಾದಿಸದೆ, ಕಟ್ಟಿ ತೋರಿಸುವ ದಾರಿಯನ್ನು ಹಿಡಿದನು.

1675ನೆಯ ವರ್ಷ ಅವನ ಸ್ವಂತ ಜೀವನದಲ್ಲಿಯೂ ನಿರ್ಣಾಯಕವಾದುದು. 1669ರಲ್ಲಿ ಕೈಹಿಡಿದ ಫೇತ್ ಕಾಗ್‌ಹಿಲ್‌ಳ ಚೊಚ್ಚಲ ಮಗು ಗಿಲ್ಬರ್ಟ್ 1674ರಲ್ಲಿ ತೀರಿಕೊಂಡಿತ್ತು. 1675ರ ಆರಂಭದಲ್ಲಿ ಎರಡನೆಯ ಮಗ ಕ್ರಿಸ್ಟೋಫರ್ ಹುಟ್ಟಿದನು. ಜೂನ್ 21ರಂದು ಕೆಥೆಡ್ರಲ್‌ನ ಮೊದಲ ಕಲ್ಲು ಯಾವ ಆಡಂಬರವೂ ಇಲ್ಲದೆ ನೆಲೆಗೊಂಡಿತು. ಕೆಲವೇ ತಿಂಗಳಲ್ಲಿ ಫೇತ್ ಸಿಡುಬಿನಿಂದ ಸತ್ತಳು. 1677ರಲ್ಲಿ ಮದುವೆಯಾದ ಜೇನ್ ಫಿಟ್ಸ್‌ವಿಲಿಯಂ ಎರಡು ಮಕ್ಕಳನ್ನು ಹೆತ್ತು 1680ರಲ್ಲಿ ತೀರಿಕೊಂಡಳು. ಕಿರಿಯ ಮಗ ವಿಲಿಯಂ ಬುದ್ಧಿ ಬೆಳೆಯದ ಮಗು. ನಲವತ್ತೆಂಟನೆಯ ವಯಸ್ಸಿಗೆ ಎರಡು ಸಲ ವಿಧುರನಾದ ರೆನ್ ಮತ್ತೆ ಮದುವೆಯಾಗಲಿಲ್ಲ.

5. ಮೂರು ಪದರಗಳ ಗುಮ್ಮಟ

ಲಂಡನ್ನಿನ ಬಂದರಿಗೆ ಬರುವ ಕಲ್ಲಿದ್ದಲಿನ ಮೇಲೆ ವಿಧಿಸಿದ ಸುಂಕ ಕೆಥೆಡ್ರಲ್‌ನ ಮುಖ್ಯ ಆದಾಯವಾಗಿತ್ತು. ಗೋಡೆಗಳ ಬಿಳಿಗಲ್ಲು ಪೋರ್ಟ್‌ಲ್ಯಾಂಡ್ ದ್ವೀಪದ ಗಣಿಗಳಿಂದ ಹಡಗಿನಲ್ಲಿ ಬರುತ್ತಿತ್ತು. 1696ರಲ್ಲಿ ಅಲ್ಲಿ ಭೂಕುಸಿತವಾಗಿ ಕಲ್ಲು ಸಾಗಿಸುವ ದಾರಿಯೇ ಹಾಳಾಯಿತು. ಹಣ, ಕಲ್ಲು, ಯುದ್ಧಗಳ ನಡುವೆ ಕೆಲಸ ನಿಧಾನವಾಯಿತು. 1697ರ ಡಿಸೆಂಬರ್ 2ರಂದು ಗಾಯಕಮಂಟಪ ಮಾತ್ರ ಪ್ರಾರ್ಥನೆಗೆ ತೆರೆಯಿತು. ಅದೇ ವರ್ಷ ಪಾರ್ಲಿಮೆಂಟು, ಕೆಲಸ ಮುಗಿಯುವವರೆಗೆ ರೆನ್‌ನ ವಾರ್ಷಿಕ ಸಂಬಳವಾದ 200 ಪೌಂಡುಗಳಲ್ಲಿ ಅರ್ಧವನ್ನು ತಡೆಹಿಡಿಯುವ ಕಾನೂನು ಮಾಡಿತು. ಸಂಬಳದಾಸೆಗೆ ಅವನು ಕೆಲಸವನ್ನು ಎಳೆಯುತ್ತಿದ್ದಾನೆಂಬ ಗುಮಾನಿ ಇದರ ಹಿಂದಿತ್ತು. ಮಾದರಿಗಳನ್ನು ತೋರಿಸದೆ, ಯೋಜನೆಯನ್ನು ಪೂರ್ತಿ ಬಿಚ್ಚಿಡದೆ ಕಟ್ಟುತ್ತ ಹೋದವನ ಮೇಲೆ ಇಂಥ ಸಂಶಯ ಬಂದುದು ಅನ್ಯಾಯವಾದರೂ ಆಶ್ಚರ್ಯವಲ್ಲ.

ಗುಮ್ಮಟದ ಸಮಸ್ಯೆ ಹೀಗಿತ್ತು. ಒಳಗೆ ನಿಂತವರಿಗೆ ಗುಮ್ಮಟ ತೀರ ಎತ್ತರವಾಗಿದ್ದರೆ ಬಾವಿಯನ್ನು ತಲೆಕೆಳಗಾಗಿ ನೋಡಿದಂತಾಗುತ್ತದೆ. ಹೊರಗಿನ ನಗರಕ್ಕೆ ಅದು ತಗ್ಗಾಗಿದ್ದರೆ ಕಾಣುವುದೇ ಇಲ್ಲ. ಹೊರಗುಮ್ಮಟವನ್ನು ಕಲ್ಲಿನಿಂದ ಕಟ್ಟಿದರೆ ಕೆಳಗಿನ ಎಂಟು ಮಹಾಸ್ತಂಭಗಳು ತಾಳಲಾರವು; ಅವು ಆಗಲೇ ಭಾರಕ್ಕೆ ಕುಗ್ಗಿ ಬಿರುಕು ಬಿಟ್ಟಿದ್ದವು. ತುದಿಯಲ್ಲಿ ನಿಲ್ಲಬೇಕಾದ ಕಲ್ಲಿನ ದೀಪಗೋಪುರದ ತೂಕವೇ ಸುಮಾರು 850 ಟನ್. ರೆನ್ ಕಂಡುಕೊಂಡ ಪರಿಹಾರವೆಂದರೆ ಒಂದರ ಮೇಲೊಂದು ಮೂರು ರಚನೆಗಳು. ಒಳಗಿನಿಂದ ಕಾಣುವುದು ಇಟ್ಟಿಗೆಯ ಒಳಗುಮ್ಮಟ. ಹೊರಗಿನಿಂದ ಕಾಣುವುದು ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದ ಹಗುರವಾದ ಹೊರಗುಮ್ಮಟ. ಇವೆರಡರ ನಡುವೆ, ಒಳಗಿನಿಂದಲೂ ಹೊರಗಿನಿಂದಲೂ ಕಾಣದಂತೆ, ಹದಿನೆಂಟು ಅಂಗುಲ ದಪ್ಪದ ಇಟ್ಟಿಗೆಯ ಶಂಕು ನಿಂತಿದೆ. ದೀಪಗೋಪುರದ ಭಾರವನ್ನೆಲ್ಲ ಹೊರುವುದು ಈ ಶಂಕು.

ಈ ಆಕಾರದ ಹಿಂದೆ ಹುಕ್‌ನ ಚಿಂತನೆಯ ಪ್ರಭಾವವಿದೆ. ಎರಡು ತುದಿಗಳಲ್ಲಿ ಹಿಡಿದು ಇಳಿಬಿಟ್ಟ ಸರಪಳಿ ತಾನಾಗಿ ಒಂದು ಬಾಗು ಪಡೆಯುತ್ತದೆ. ಅದೇ ಬಾಗನ್ನು ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಕಮಾನು ಸ್ಥಿರವಾಗಿ ನಿಲ್ಲುತ್ತದೆ ಎಂಬ ತತ್ವವನ್ನು ಅವನು 1675ರಲ್ಲಿ ಅಕ್ಷರಗಳನ್ನು ಕಲೆಸಿದ ಒಗಟಿನ ರೂಪದಲ್ಲಿ ಪ್ರಕಟಿಸಿದ್ದನು. ಸರಪಳಿಯ ನಡುವೆ ಭಾರವೊಂದನ್ನು ತೂಗಿಬಿಟ್ಟರೆ ಅದರ ಎರಡು ಬದಿಗಳೂ ನೇರವಾಗುತ್ತ ಬರುತ್ತವೆ. ತುದಿಯಲ್ಲಿ ಭಾರ ಹೊರಬೇಕಾದ ರಚನೆ ದುಂಡಾಗಿರದೆ ಶಂಕುವಿನಂತಿರಬೇಕಾದುದು ಇದೇ ಕಾರಣದಿಂದ. ಉಳಿದುಬಂದಿರುವ ರೆನ್ ಕಾರ್ಯಾಲಯದ ಒಂದು ರೇಖಾಚಿತ್ರದಲ್ಲಿ ಗುಮ್ಮಟದ ಆಕಾರಕ್ಕೆ ಘನ ಪರವಲಯದ ವಕ್ರರೇಖೆಯನ್ನು ಹೊಂದಿಸಿ ನೋಡಿರುವುದು ಕಾಣುತ್ತದೆ. ಬುಡ ಹೊರಕ್ಕೆ ಸರಿಯದಂತೆ ಕಬ್ಬಿಣದ ಸರಪಳಿಯೊಂದು ಶಂಕುವನ್ನು ಸುತ್ತುವರಿದಿದೆ.

ಹೊರಗೋಡೆಗಳಲ್ಲಿಯೂ ಇದೇ ಕ್ರಮವಿದೆ. ಮಧ್ಯಯುಗದ ಕೆಥೆಡ್ರಲ್‌ಗಳಲ್ಲಿ ಹೊರಗೆ ಎದ್ದು ಕಾಣುವ ಆಸರೆ ಕಮಾನುಗಳು ಇಲ್ಲಿಯೂ ಇವೆ. ಆದರೆ ಎತ್ತರವಾದ ಮೇಲಂತಸ್ತಿನ ಗೋಡೆ ಅವನ್ನು ಮರೆಮಾಡಿದೆ. ಆ ಗೋಡೆಯ ಹಿಂದೆ ಕೋಣೆಗಳಿಲ್ಲ, ಬಯಲಿದೆ.

ಒಳಗುಮ್ಮಟದ ಬುಡವನ್ನು ಸುತ್ತುವ ಪಿಸುಮಾತಿನ ಮೊಗಸಾಲೆ ಭಾರತದೊಡನೆ, ವಿಶೇಷವಾಗಿ ಕರ್ನಾಟಕದೊಡನೆ ಈ ಕಟ್ಟಡಕ್ಕಿರುವ ನಂಟನ್ನು ನೆನಪಿಸುತ್ತದೆ. ಗೋಡೆಗೆ ಮುಖವಿಟ್ಟು ಆಡಿದ ಪಿಸುಮಾತು ಎದುರು ಬದಿಯಲ್ಲಿ ಕೇಳಿಸುವ ಈ ವಿಸ್ಮಯವನ್ನು ಸಿ.ವಿ. ರಾಮನ್ ಅವರು 1921ರಲ್ಲಿ ಲಂಡನ್ನಿಗೆ ಹೋದಾಗ ಪರೀಕ್ಷಿಸಿ, ಜಿ.ಎ. ಸದರ್‌ಲ್ಯಾಂಡ್ ಅವರೊಡನೆ ಪ್ರಬಂಧ ಪ್ರಕಟಿಸಿದರು. ಅನಂತರ ಭಾರತದ ಇಂಥ ಕಟ್ಟಡಗಳ ಅಧ್ಯಯನವನ್ನು ಕೈಗೊಂಡಾಗ ವಿಜಾಪುರದ ಗೋಲಗುಮ್ಮಟವನ್ನೂ ಒಳಗೊಂಡರು. ರೆನ್ ಕೆಥೆಡ್ರಲ್‌ನ ಕೆಲಸಕ್ಕೆ ಕೈಹಚ್ಚುವ ಮೊದಲೇ, 1656ರ ಹೊತ್ತಿಗೆ, ಕಟ್ಟಿದ್ದ ಗೋಲಗುಮ್ಮಟ ಹರವಿನಲ್ಲಿ ಲಂಡನ್ನಿನದಕ್ಕಿಂತ ದೊಡ್ಡದು. ಅಲ್ಲಿ ಕಾಣುವ ಗುಮ್ಮಟವೇ ಭಾರ ಹೊರುವ ಗುಮ್ಮಟ ಎಂಬುದು ಇವೆರಡರ ಮುಖ್ಯ ವ್ಯತ್ಯಾಸ.

6. ಕೊನೆಯ ವರ್ಷಗಳು

ಗುಮ್ಮಟ ಏರುತ್ತಿದ್ದಾಗ ರೆನ್‌ಗೆ ಎಪ್ಪತ್ತು ದಾಟಿತ್ತು. ವಾರಕ್ಕೆ ಹಲವು ಸಲ ಬುಟ್ಟಿಯಲ್ಲಿ ಕುಳ್ಳಿರಿಸಿ ಅವನನ್ನು ಮೇಲಕ್ಕೆ ಎಳೆಯುತ್ತಿದ್ದರೆಂದು ಪ್ರತೀತಿಯಿದೆ. 1702ರಲ್ಲಿ ಸಂಗೀತದಲ್ಲಿ ನುರಿತಿದ್ದ ಮಗಳು ಜೇನ್ ಇಪ್ಪತ್ತೈದರ ಆಸುಪಾಸಿನಲ್ಲಿ ತೀರಿಕೊಂಡಳು. ಅಪೂರ್ಣವಾಗಿದ್ದ ಕೆಥೆಡ್ರಲ್‌ನ ನೆಲಮಾಳಿಗೆಯಲ್ಲಿಯೇ ಅವಳ ಸಮಾಧಿಯಾಯಿತು. 1708ರ ಅಕ್ಟೋಬರಿನಲ್ಲಿ ದೀಪಗೋಪುರದ ತುದಿಗಲ್ಲನ್ನು ಮುದುಕನಾದ ರೆನ್‌ನ ಪರವಾಗಿ ಮಗ ಕ್ರಿಸ್ಟೋಫರ್ ಇಟ್ಟನು. ನೆಲದಿಂದ ಶಿಲುಬೆಯ ತುದಿಗೆ 365 ಅಡಿ. ಒಟ್ಟು ವೆಚ್ಚ ಏಳು ಲಕ್ಷ ಪೌಂಡುಗಳನ್ನು ಮೀರಿತ್ತು.

ಕೆಥೆಡ್ರಲ್‌ನ ಮೇಲ್ವಿಚಾರಣಾ ಮಂಡಳಿಯೊಡನೆ ಅವನ ಸಂಬಂಧ ಈ ವೇಳೆಗೆ ಹದಗೆಟ್ಟಿತ್ತು. ಒಳಗುಮ್ಮಟಕ್ಕೆ ಅವನು ಬಯಸಿದ್ದು ಬಣ್ಣದ ಹರಳುಗಳ ಜೋಡಣೆ. ಮಂಡಳಿ ಥಾರ್ನ್‌ಹಿಲ್‌ನಿಂದ ವರ್ಣಚಿತ್ರ ಬರೆಯಿಸಿತು. ಸುತ್ತಣ ಬೇಲಿಗೆ ಬಡಿದ ಕಬ್ಬಿಣ ಬೇಕೆಂದು ಅವನು, ಎರಕದ ಕಬ್ಬಿಣ ಬೇಕೆಂದು ಮಂಡಳಿ ಹಟ ಹಿಡಿದರು, ಗೆದ್ದುದು ಮಂಡಳಿ. ಗೋಡೆಗಳ ನೆತ್ತಿಗೆ ಅವನು ಒಪ್ಪದ ಕಂಬಗಟ್ಟೆಯ ಸಾಲನ್ನೂ ಸೇರಿಸಲಾಯಿತು. ತಡೆಹಿಡಿದಿದ್ದ ಅರ್ಧ ಸಂಬಳಕ್ಕಾಗಿ ಅವನು ಮನವಿ ಸಲ್ಲಿಸಬೇಕಾಯಿತು. 1711ರಲ್ಲಿ ಪಾರ್ಲಿಮೆಂಟು ಕೆಲಸ ಮುಗಿಯಿತೆಂದು ಸಾರಿದ ಮೇಲೆ ಹಣ ಕೈಸೇರಿತು. 1718ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ನಲವತ್ತೊಂಬತ್ತು ವರ್ಷ ನಿರ್ವಹಿಸಿದ ಅರಸನ ಅಧಿಕಾರದಿಂದ ಅವನನ್ನು ತೆಗೆದುಹಾಕಿ ವಿಲಿಯಂ ಬೆನ್ಸನ್ ಎಂಬವನನ್ನು ನೇಮಿಸಿದರು. ಬೆನ್ಸನ್ ಅಸಮರ್ಥನೆಂದು ಮರುವರ್ಷವೇ ಕೆಲಸ ಕಳೆದುಕೊಂಡನು.

ಕೊನೆಯ ವರ್ಷಗಳನ್ನು ರೆನ್ ಹ್ಯಾಂಪ್ಟನ್ ಕೋರ್ಟಿನ ಬಳಿಯ ಮನೆಯಲ್ಲಿ ಗಣಿತ ಮತ್ತು ಧರ್ಮಗ್ರಂಥಗಳ ಓದಿನಲ್ಲಿ ಕಳೆದನು. ಆಗಾಗ ಲಂಡನ್ನಿಗೆ ಬಂದು ಗುಮ್ಮಟದ ಕೆಳಗೆ ಸುಮ್ಮನೆ ಕುಳಿತು ಹೋಗುತ್ತಿದ್ದನೆಂದು ಹೇಳುತ್ತಾರೆ. 1723ರ ಫೆಬ್ರವರಿ 25ರಂದು ಊಟದ ನಂತರ ಕುರ್ಚಿಯಲ್ಲಿ ಒರಗಿದ್ದಲ್ಲೇ ಪ್ರಾಣ ಹೋಗಿತ್ತು. ಕೆಥೆಡ್ರಲ್‌ನ ನೆಲಮಾಳಿಗೆಯಲ್ಲಿ ಸರಳವಾದ ಕಪ್ಪು ಕಲ್ಲಿನ ಕೆಳಗೆ ಅವನ ಸಮಾಧಿಯಿದೆ. ಸ್ಮಾರಕವನ್ನು ಹುಡುಕುವವರು ಸುತ್ತಲೂ ಕಣ್ಣು ಹಾಯಿಸಲಿ ಎಂಬ ಅರ್ಥದ ಲ್ಯಾಟಿನ್ ಬರಹವನ್ನು ಮಗನು ಅಲ್ಲಿ ಬರೆಸಿದನು.

7. ಸಮಾರೋಪ

ರೆನ್‌ನ ಕೆಥೆಡ್ರಲ್ ಬಗ್ಗೆ ಅತ್ಯಂತ ಕಟುವಾದ ಆಕ್ಷೇಪ ಬಂದುದು 19ನೆಯ ಶತಮಾನದಲ್ಲಿ. ಗಾಥಿಕ್ ಶೈಲಿಯ ಪ್ರತಿಪಾದಕನಾದ ಪ್ಯೂಜಿನ್, ಈ ಕಟ್ಟಡದ ಅರ್ಧಭಾಗವನ್ನು ಉಳಿದರ್ಧವನ್ನು ಬಚ್ಚಿಡುವುದಕ್ಕಾಗಿಯೇ ಕಟ್ಟಲಾಗಿದೆಯೆಂದು 1841ರಲ್ಲಿ ಟೀಕಿಸಿದನು. ಕಟ್ಟಡವು ತಾನು ಹೇಗೆ ನಿಂತಿದೆಯೆಂಬುದನ್ನು ನೋಡುವವರಿಗೆ ಮುಚ್ಚಿಡಬಾರದು, ಮುಚ್ಚಿಟ್ಟರೆ ಅದು ಸುಳ್ಳಾಗುತ್ತದೆ ಎಂಬುದು ಅವನ ವಾದದ ತಿರುಳು. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೊರಗುಮ್ಮಟ ಕಲ್ಲಿನದೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಮೇಲಂತಸ್ತಿನ ಗೋಡೆ ಹಿಂದೆ ಇಲ್ಲದ ಕೋಣೆಗಳನ್ನು ಸೂಚಿಸುತ್ತದೆ. ಆದರೂ ಎರಡು ಸಂಗತಿಗಳನ್ನು ಪರಿಗಣಿಸಬೇಕಾಗುತ್ತದೆ. ಮರೆಗೋಡೆಯು ತನ್ನ ತೂಕದಿಂದ ಆಸರೆ ಕಮಾನುಗಳಿಗೆ ಬಲ ನೀಡುತ್ತದೆ, ಆದ್ದರಿಂದ ಅದು ಕೇವಲ ಪರದೆಯಲ್ಲ. ಎರಡನೆಯದಾಗಿ, ಒಳಗಿನವರ ಕಣ್ಣು, ಹೊರಗಿನ ನಗರದ ಕಣ್ಣು ಮತ್ತು ಭಾರದ ನಿಯಮ ಎಂಬ ಮೂರು ಬೇಡಿಕೆಗಳನ್ನು ಆ ಕುಗ್ಗುತ್ತಿದ್ದ ಸ್ತಂಭಗಳ ಮೇಲೆ ಒಂದೇ ಗುಮ್ಮಟದಿಂದ ಪೂರೈಸಲು ಸಾಧ್ಯವಿರಲಿಲ್ಲ. ರೆನ್ ಪ್ರತಿಯೊಂದಕ್ಕೂ ಬೇರೆ ಬೇರೆ ರಚನೆಯನ್ನು ಒದಗಿಸಿದನು.

ಅಧಿಕಾರದೊಡನೆ ಅವನು ನಡೆದುಕೊಂಡ ರೀತಿಗೆ ಇದೇ ಸಮರ್ಥನೆ ಪೂರ್ತಿಯಾಗಿ ಒಪ್ಪುವುದಿಲ್ಲ. ಒಪ್ಪಿಗೆ ಪಡೆದ ನಕ್ಷೆಯನ್ನು ಬಿಟ್ಟು ಬೇರೆಯದನ್ನು ಕಟ್ಟಿದ್ದರಿಂದ ಲಂಡನ್ನಿಗೆ ಗುಮ್ಮಟ ದೊರೆಯಿತು. ಅವನಿಗೆ ದೊರೆತದ್ದು ಅವಿಶ್ವಾಸ, ಅರ್ಧ ಸಂಬಳ ಮತ್ತು ಮುಪ್ಪಿನಲ್ಲಿ ಪದಚ್ಯುತಿ. ಇವೆರಡನ್ನೂ ಒಟ್ಟಿಗೆ ನೋಡದೆ ಬರೆದ ಜೀವನಚರಿತ್ರೆ ಸ್ತುತಿಯಾಗಿಬಿಡುತ್ತದೆ.

1940ರ ಡಿಸೆಂಬರ್ 29ರ ರಾತ್ರಿ ಲಂಡನ್ನಿನ ಮೇಲೆ ಬೆಂಕಿಬಾಂಬುಗಳ ಮಳೆಯಾದಾಗ, ಸೀಸ ಹೊದಿಸಿದ ಮರದ ಹೊರಗುಮ್ಮಟವೇ ಎಲ್ಲರ ಆತಂಕಕ್ಕೆ ಕಾರಣವಾಗಿತ್ತು. ಮೂರು ಪದರಗಳ ರಚನೆಯನ್ನು ಅರಿತಿದ್ದ ಕಾವಲುಗಾರರ ತಂಡ ಮಾಡಿನ ಮೇಲಿನ ಕಿರಿದಾದ ದಾರಿಗಳಲ್ಲಿ ನೀರು ಹೊತ್ತು ಓಡಾಡಿ ಬೆಂಕಿಯನ್ನು ನಂದಿಸಿತು. ಸುತ್ತಣ ಬೀದಿಗಳು ಉರಿದುಹೋದವು, ಗುಮ್ಮಟ ಉಳಿಯಿತು. ನೋಡುಗರ ಕಣ್ಣಿಗೆ ಬೀಳದಂತೆ ರೆನ್ ಕಟ್ಟಿದ್ದ ಭಾಗಗಳನ್ನು ಬಲ್ಲವರಿಂದಲೇ ನೋಡುಗರ ಕಣ್ಣಿಗೆ ಬೀಳುವ ಭಾಗ ಉಳಿದುಬಂದಿತು.